ಕೆಳಗೆ ಮುಚ್ಚಿ, ಮೇಲೆ ತೆರೆದು: ಹಿತ್ತಲಿನ ಕೊಟ್ಟಿಗೆ ಕೋಳಿಮನೆಯಾದ ಬಗೆ

ಹಿತ್ತಲಿನ ಮೂಲೆಯಲ್ಲಿದ್ದ ಸಾಮಾನು ಕೊಟ್ಟಿಗೆಗೆ ಉದ್ದ 8 ಅಡಿ, ಅಗಲ 6 ಅಡಿ. ಸಿಮೆಂಟಿನ ನೆಲ, ಸುತ್ತ ಒಂದು ಅಡಿ ಎತ್ತರದ ಇಟ್ಟಿಗೆ ಕಟ್ಟೆ, ಅದರ ಮೇಲೆ ಮರದ ಚೌಕಟ್ಟಿಗೆ ಬಡಿದ ಹಲಗೆಗಳು, ತಲೆಯ ಮೇಲೆ ಒಂದೇ ಕಡೆಗೆ ಇಳಿಯುವ ತಗಡಿನ ಮಾಡು. ಮುರಿದ ಗುದ್ದಲಿ, ಖಾಲಿ ಡಬ್ಬ, ತುಕ್ಕು ಹಿಡಿದ ತಂತಿಯ ಸುರುಳಿ ತುಂಬಿಕೊಂಡು ವರ್ಷಗಳಿಂದ ಹಾಗೇ ನಿಂತಿತ್ತು. ಕೋಳಿ ಸಾಕುವ ಮಾತು ಬಂದಾಗ ಇದನ್ನು ಕೆಡವಿ ಹೊಸ ಗೂಡು ಕಟ್ಟುವುದೇ ಸುಲಭ ಎಂದು ಮನೆಯವರೆಲ್ಲ ಹೇಳಿದರು. ನಾನು ಒಳಗೆ ಹೋಗಿ ನೆಟ್ಟಗೆ ನಿಂತು ನೋಡಿದೆ. ತಲೆ ಮಾಡಿಗೆ ತಗಲಲಿಲ್ಲ. ಅಲ್ಲಿಗೆ ನನ್ನ ತೀರ್ಮಾನ ಮುಗಿಯಿತು. ಮನುಷ್ಯ ನಿಂತು ಗುಡಿಸಲಾಗದ ಕೋಳಿಗೂಡನ್ನು ಯಾರೂ ಬಹಳ ದಿನ ಚೊಕ್ಕಟವಾಗಿ ಇಟ್ಟುಕೊಳ್ಳುವುದಿಲ್ಲ. ಬಗ್ಗಿ ಕೈ ಚಾಚಿ ಹಿಕ್ಕೆ ಕೆರೆಯುವ ಕೆಲಸ ವಾರದಿಂದ ವಾರಕ್ಕೆ ಮುಂದೆ ಹೋಗುತ್ತದೆ.

ನೆಲ 48 ಚದರ ಅಡಿ. ಮಧ್ಯಮ ಗಾತ್ರದ ಒಂದು ಹೇಂಟೆಗೆ ಒಳಗೆ 4 ಚದರ ಅಡಿ, ಹೊರಗಿನ ಬೇಲಿಯೊಳಗೆ 8ರಿಂದ 10 ಚದರ ಅಡಿ ಎಂಬುದು ಹಿತ್ತಲಲ್ಲಿ ಕೋಳಿ ಸಾಕುವವರು ಸಾಮಾನ್ಯವಾಗಿ ಹಿಡಿಯುವ ಅಳತೆ. ಹಾಗೆ ನೋಡಿದರೆ ಹನ್ನೆರಡು ಕೋಳಿ ಹಿಡಿಸುತ್ತವೆ. ನಾನು ಎಂಟಕ್ಕೆ ನಿಲ್ಲಿಸಿದೆ. ಇಕ್ಕಟ್ಟಾದರೆ ಕೋಳಿಗಳು ಒಂದರ ಗರಿಯನ್ನು ಇನ್ನೊಂದು ಕೀಳುತ್ತವೆ. ಒಮ್ಮೆ ರಕ್ತ ಕಂಡರೆ ಅಲ್ಲೇ ಕುಕ್ಕುತ್ತವೆ. ಮಳೆ ಹಿಡಿದು ದಿನಗಟ್ಟಲೆ ಒಳಗೇ ಉಳಿಯಬೇಕಾದಾಗ ಹೆಚ್ಚಿಗೆ ಬಿಟ್ಟ ಜಾಗವೇ ಅವುಗಳನ್ನು ಕಾಯುತ್ತದೆ.

ಮೊದಲ ದಿನ ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಕೊಟ್ಟಿಗೆ ಖಾಲಿ ಮಾಡಿ, ಉಳಿ ಹಿಡಿದು ಚೌಕಟ್ಟಿನ ಪ್ರತಿ ಮರವನ್ನೂ ಚುಚ್ಚಿ ನೋಡಿದೆ. ಗಟ್ಟಿ ಮರಕ್ಕೆ ಉಳಿ ಇಳಿಯುವುದಿಲ್ಲ, ಕೊಳೆತದ್ದಕ್ಕೆ ಬೆಣ್ಣೆಗೆ ಇಳಿದಂತೆ ಇಳಿಯುತ್ತದೆ. ಹಿಂಬದಿಯ ಮೂಲೆಯಲ್ಲಿ ಇಟ್ಟಿಗೆ ಕಟ್ಟೆಯ ಮೇಲೆ ಮಲಗಿದ್ದ ಅಡಿಮರ ಎರಡು ಅಡಿಯಷ್ಟು ಹೋಗಿತ್ತು. ಮಾಡಿನಿಂದ ಬಿದ್ದ ನೀರು ನೆಲಕ್ಕೆ ಬಡಿದು ಅಲ್ಲಿಗೇ ಸಿಡಿಯುತ್ತಿದ್ದುದು ಕಾರಣ. ಮೇಲಿನ ತೊಲೆಗೆ ಎರಡು ಕಂಬದ ಆಸರೆ ಕೊಟ್ಟು, ಕೊಳೆತ ಭಾಗವನ್ನು ಗಟ್ಟಿ ಮರ ಸಿಗುವವರೆಗೆ ಕೊಯ್ದು ತೆಗೆದು, ಅರ್ಧಕ್ಕರ್ಧ ಕಚ್ಚು ಹಾಕಿ ಹೊಸ ತುಂಡು ಕೂರಿಸಿದೆ. ಅದರ ಅಡಿಗೆ ಟಾರು ಹಾಳೆಯ ಪಟ್ಟಿಯೊಂದನ್ನು ಹಾಸಿದೆ, ಇಟ್ಟಿಗೆಯ ತೇವ ಮರಕ್ಕೆ ಏರದಿರಲಿ ಎಂದು.

ಮಾಡು ತಗಡಿನದಾಗಿದ್ದರಿಂದ ಒಂದು ದೊಡ್ಡ ಚಿಂತೆ ತಪ್ಪಿತು. ಹಳೆಯ ಸಿಮೆಂಟ್ ಶೀಟಿನಲ್ಲಿ ಕಲ್ನಾರು ಇರುವ ಸಾಧ್ಯತೆ ಇದೆ. ಅಂಥದ್ದನ್ನು ಕೊಯ್ಯಲೂ ಕೊರೆಯಲೂ ಹೋಗಬಾರದು. ಅದರ ನಾರು ಶ್ವಾಸಕೋಶಕ್ಕೆ ಹೋದರೆ ಹಿಂದಕ್ಕೆ ಬರುವುದಿಲ್ಲ. ನಿಮ್ಮ ಕೊಟ್ಟಿಗೆಗೆ ಅಂಥ ಶೀಟಿದ್ದರೆ ತಿಳಿದವರಿಂದ ತೆಗೆಸಿದ ಮೇಲೆಯೇ ಉಳಿದ ಕೆಲಸಕ್ಕೆ ಕೈ ಹಾಕಿ.

ಚಿಂತೆಗೆ ಕಾರಣವಾದದ್ದು ಬಣ್ಣ. ಒಳಗಿನ ಹಲಗೆಗಳ ಮೇಲೆ ಹಳೆಯ ಹಸಿರು ಎಣ್ಣೆಬಣ್ಣ ಹಪ್ಪಳೆ ಹಪ್ಪಳೆಯಾಗಿ ಏಳುತ್ತಿತ್ತು. ಹಳೆಯ ಬಣ್ಣಗಳಲ್ಲಿ ಸೀಸ ಸಾಮಾನ್ಯ. ಕೋಳಿ ಕಂಡದ್ದನ್ನೆಲ್ಲ ಕುಕ್ಕುವ ಪ್ರಾಣಿ. ಸೀಸ ಅದರ ಹೊಟ್ಟೆ ಸೇರಿದರೆ ಮೊಟ್ಟೆಯ ಹಳದಿಗೂ ಬರುತ್ತದೆ, ಅಲ್ಲಿಂದ ಮಕ್ಕಳ ತಟ್ಟೆಗೆ. ಒಣಗಿದ ಬಣ್ಣವನ್ನು ಉಜ್ಜಿ ತೆಗೆದರೆ ಧೂಳು ಎಲ್ಲೆಡೆ ಹರಡುತ್ತದೆ. ಆದ್ದರಿಂದ ಕೋಳಿಯ ಕೊಕ್ಕಿಗೆ ಎಟಕುವ ಕೆಳಗಿನ ನಾಲ್ಕು ಸಾಲು ಹಲಗೆಗಳನ್ನು ನೀರು ಚಿಮುಕಿಸಿ ಒದ್ದೆ ಮಾಡಿ, ಇಡಿಯಾಗಿ ಕಿತ್ತು, ಬಣ್ಣ ಕಾಣದ ಹೊಸ ಹಲಗೆ ಹೊಡೆದೆ. ಉದುರಿದ ಚೂರುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಚೀಲಕ್ಕೆ ಕಟ್ಟಿದೆ. ಮೇಲಿನ ಹಲಗೆಗಳನ್ನು ಹೊಸ ತೆಳು ಹಲಗೆಯಿಂದ ಮುಚ್ಚಿದೆ. ಈ ಕೆಲಸಕ್ಕೆ ಎರಡು ಪೂರ್ತಿ ದಿನ ಹೋದವು. ಎಲ್ಲಕ್ಕಿಂತ ಬೇಸರದ ಕೆಲಸ ಅದೇ, ಆದರೆ ಎಲ್ಲಕ್ಕಿಂತ ತಪ್ಪಿಸಬಾರದ ಕೆಲಸವೂ ಅದೇ ಎಂದು ಈಗಲೂ ಅನ್ನಿಸುತ್ತದೆ.

ಇಲಿ ಹಿಕ್ಕೆಯನ್ನೂ ಒಣಗಿದಂತೆಯೇ ಗುಡಿಸಬಾರದು. ಬ್ಲೀಚಿಂಗ್ ದ್ರಾವಣ ಚಿಮುಕಿಸಿ, ಮುಖಗವಸು ಹಾಕಿಕೊಂಡು ಒರೆಸಿ ತೆಗೆದೆ. ಕೊನೆಯಲ್ಲಿ ಹಗ್ಗ ಕಟ್ಟಿದ ಆಯಸ್ಕಾಂತವನ್ನು ನೆಲದ ಮೇಲೆಲ್ಲ ಎಳೆದೆ. ಒಂದು ಹಿಡಿ ಮೊಳೆ, ತಂತಿಯ ತುಣುಕು ಅಂಟಿಕೊಂಡು ಬಂದವು. ಹೊಳೆಯುವ ಲೋಹದ ಚೂರು ಕೋಳಿಗೆ ಕಾಳಿನಂತೆಯೇ ಕಾಣುತ್ತದೆ. ಜಾಲರಿ ಕತ್ತರಿಸಿದ ಪ್ರತಿ ಸಂಜೆಯೂ ಇದನ್ನೇ ಮತ್ತೆ ಮಾಡಿದೆ, ಏಕೆಂದರೆ ಜಾಲರಿಯ ಲೇಪದಲ್ಲಿರುವ ಸತು ಹೊಟ್ಟೆ ಸೇರಿದರೆ ವಿಷ.

ಆಮೇಲೆ ಸಂದುಗಳು. ಹಗಲು ಹೊತ್ತಿನಲ್ಲಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಕತ್ತಲಲ್ಲಿ ಕುಳಿತೆ. ಬೆಳಕು ಎಲ್ಲಿಂದ ಬರುತ್ತದೋ ಅಲ್ಲಿಂದ ಶತ್ರುವೂ ಬರುತ್ತದೆ. ಬಾಗಿಲ ಕೆಳಗೆ ಎರಡು ಬೆರಳು ಸಂದು. ನೆಲದ ಸಿಮೆಂಟು ಒಡೆದ ಮೂಲೆಯಲ್ಲಿ ಇಲಿ ಬಿಲ. ಹಿಂದೆ ಯಾವುದೋ ಪೈಪು ಹಾದುಹೋಗಿದ್ದ ತೂತು. ಒಂದೊಂದಕ್ಕೂ ಸೀಮೆಸುಣ್ಣದಿಂದ ಸುತ್ತು ಹಾಕಿದೆ, ಹದಿನೇಳು ಆದವು. ಬಿಲಕ್ಕೆ ಜಾಲರಿಯ ತುಂಡುಗಳನ್ನು ಮುದುಡಿ ತುರುಕಿ ಅದರ ಮೇಲೆ ಸಿಮೆಂಟು ಗಾರೆ ಮೆತ್ತಿದೆ. ಬರೀ ಗಾರೆಯನ್ನು ಹಸಿ ಇರುವಾಗಲೇ ಇಲಿ ಕೆರೆದು ತೆಗೆಯುತ್ತದೆ, ನೊರೆಯಂತೆ ಉಬ್ಬುವ ಫೋಮನ್ನಂತೂ ಕಡಿದು ದಾರಿ ಮಾಡಿಕೊಳ್ಳುತ್ತದೆ. ಬಾಗಿಲನ್ನು ಕಳಚಿ ಹೊರಕ್ಕೆ ತೆರೆಯುವಂತೆ ತಿರುಗಿಸಿ ಕೂರಿಸಿದೆ; ಒಳಕ್ಕೆ ತೆರೆಯುವ ಬಾಗಿಲು ನೆಲಕ್ಕೆ ಹಾಸುವ ಹೊಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಹೊಸ್ತಿಲಿಗೆ ಹತ್ತು ಇಂಚಿನ ಹಲಗೆಯೊಂದನ್ನು ಅಡ್ಡ ನಿಲ್ಲಿಸಿದೆ. ಸಂದು ಮುಚ್ಚಿತು, ಹಾಸು ಹೊರಗೆ ಚೆಲ್ಲುವುದೂ ನಿಂತಿತು.

ಜಾಲರಿಯ ವಿಷಯದಲ್ಲಿ ಒಂದು ಮಾತು. ಕೋಳಿ ಜಾಲರಿ ಎಂದು ಸಿಗುವ ಆರು ಮೂಲೆಯ ಕಣ್ಣಿನ ತೆಳು ತಂತಿ ಬಲೆ ಕೋಳಿಯನ್ನು ಒಳಗೆ ಇಡಬಲ್ಲದು, ನಾಯಿಯನ್ನು ಹೊರಗೆ ಇಡಲಾರದು. ಬಲವಾದ ಹಲ್ಲು ಅದನ್ನು ಹರಿಯುತ್ತದೆ, ಅದರ ಕಣ್ಣಿನಿಂದ ಮರಿ ಇಲಿಯೂ ಸಣ್ಣ ಹಾವೂ ಸಲೀಸಾಗಿ ನುಸುಳುತ್ತವೆ. ನಾನು ಅರ್ಧ ಇಂಚು ಕಣ್ಣಿನ ವೆಲ್ಡ್ ಜಾಲರಿ ಬಳಸಿದೆ. ಅದನ್ನು ಸ್ಟೇಪಲ್ ಪಿನ್ನಿನಿಂದಷ್ಟೇ ಹೊಡೆದರೆ ಸಾಲದು. ಜಾಲರಿಯ ಅಂಚಿನ ಮೇಲೆ ಮರದ ಪಟ್ಟಿ ಇಟ್ಟು, ಆರು ಇಂಚಿಗೊಂದರಂತೆ ವಾಷರ್ ಹಾಕಿದ ಸ್ಕ್ರೂ ಬಿಗಿದೆ.

ಈಗ ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. ಕೆಳಗಿನ ಸಂದುಗಳನ್ನು ಮುಚ್ಚಿದ ಹುರುಪಿನಲ್ಲಿ ಮೇಲಿನದನ್ನೂ ಮುಚ್ಚಿಬಿಟ್ಟೆ. ಗೋಡೆಯ ತುದಿಗೂ ಮಾಡಿಗೂ ನಡುವೆ ಎರಡು ಉದ್ದ ಬದಿಗಳಲ್ಲೂ ಮೂರು ನಾಲ್ಕು ಇಂಚಿನ ಸಂದಿತ್ತು. ಮಳೆಯ ಇರಚಲು ಬರುತ್ತದೆ, ಚಳಿ ಗಾಳಿ ಬರುತ್ತದೆ ಎಂದು ಅಲ್ಲಿಗೂ ಹಲಗೆ ಹೊಡೆದೆ. ಸಾಮಾನು ಇಡುವ ಕೊಟ್ಟಿಗೆಗೆ ಅದು ಸರಿ. ಗುದ್ದಲಿ ಉಸಿರಾಡುವುದಿಲ್ಲ. ಒಳಗೆ ಸುಣ್ಣ ಬಳಿದು, ಅದು ಪೂರ್ತಿ ಒಣಗುವವರೆಗೆ ನಾಲ್ಕು ದಿನ ಬಿಟ್ಟು (ಹಸಿ ಸುಣ್ಣ ಕಣ್ಣನ್ನೂ ಪಾದವನ್ನೂ ಸುಡುತ್ತದೆ), ನೆಲಕ್ಕೆ ಆರು ಇಂಚು ಒಣ ಮರದ ಹೊಟ್ಟು ಹಾಸಿ, ಹದಿನಾರು ವಾರದ ಎಂಟು ಹೇಂಟೆಗಳನ್ನು ತಂದು ಬಿಟ್ಟೆ.

ಕೂರುವ ಕೋಲು ಮತ್ತು ಮೊಟ್ಟೆ ಗೂಡಿನ ತಪ್ಪು ಮೊದಲ ರಾತ್ರಿಯೇ ಗೊತ್ತಾಯಿತು. ಹಳೆಯ ಕೊಟ್ಟಿಗೆಯಲ್ಲಿ ಮೂರು ಅಡಿ ಎತ್ತರಕ್ಕೆ ಗಟ್ಟಿಮುಟ್ಟಾದ ಹಲಗೆಯ ಅಟ್ಟಣೆಯೊಂದು ಇತ್ತು. ಅದನ್ನು ವ್ಯರ್ಥ ಮಾಡಬಾರದೆಂದು ಅಲ್ಲೇ ಅಡ್ಡಹಲಗೆ ಹಾಕಿ ಎರಡು ಮೊಟ್ಟೆ ಗೂಡು ಮಾಡಿದ್ದೆ, 12 ಇಂಚು ಅಗಲ, ಅಷ್ಟೇ ಆಳ, ಅಷ್ಟೇ ಎತ್ತರ. ನಾಲ್ಕೈದು ಹೇಂಟೆಗೆ ಒಂದು ಗೂಡು ಸಾಕು. ಕೂರುವ ಕೋಲುಗಳು ಮಾತ್ರ 30 ಇಂಚು ಎತ್ತರದಲ್ಲಿದ್ದವು. ರಾತ್ರಿ ಟಾರ್ಚ್ ಹಾಕಿ ನೋಡಿದರೆ ಕೋಲಿನ ಮೇಲೆ ಎರಡೇ ಕೋಳಿ. ಉಳಿದ ಆರೂ ಗೂಡುಗಳಲ್ಲಿ ಒಂದರ ಮೇಲೊಂದು. ಕೋಳಿ ಮಲಗಲು ಸಿಕ್ಕ ಜಾಗಗಳಲ್ಲಿ ಅತಿ ಎತ್ತರದ್ದನ್ನು ಹುಡುಕುತ್ತದೆ. ಮಲಗಿದಲ್ಲೇ ಹಿಕ್ಕೆ ಹಾಕುತ್ತದೆ. ಗೂಡಿನಲ್ಲಿ ಮಲಗುವ ರೂಢಿ ಬಿದ್ದರೆ ಮುಂದೆ ಪ್ರತಿ ಮೊಟ್ಟೆಯೂ ಹೊಲಸು. ಮರುದಿನವೇ ಅಟ್ಟಣೆ ಕಳಚಿ 18 ಇಂಚಿಗೆ ಇಳಿಸಿದೆ. ಗೂಡಿನ ಮೇಲೆ ಹತ್ತಿ ಕೂರದಂತೆ ಓರೆಯಾದ ಮುಚ್ಚಿಗೆ, ಒಳಗಿನ ಹುಲ್ಲು ಚೆಲ್ಲದಂತೆ ಮುಂದೆ ನಾಲ್ಕು ಇಂಚಿನ ತಡೆ, ಹಿಂದಿನ ಗೋಡೆಯ ಹಲಗೆಯಲ್ಲಿ ಮೊಟ್ಟೆ ತೆಗೆಯಲು ಹೊರಗಿನಿಂದ ತೆರೆಯುವ ಬಾಗಿಲು.

ಕೋಲಿಗೆ ಎರಡು ಇಂಚು ದಪ್ಪ, ನಾಲ್ಕು ಇಂಚು ಅಗಲದ ಮರ. ಅಗಲದ ಮುಖ ಮೇಲೆ, ಅಂಚುಗಳನ್ನು ಕೀಸಿ ದುಂಡಗೆ ಮಾಡಿ ಮರಳು ಕಾಗದ ಉಜ್ಜಿದೆ. ಅಗಲದ ಕೋಲಿನ ಮೇಲೆ ಕೋಳಿ ಪಾದ ಚಪ್ಪಟೆಯಾಗಿ ಊರಿ ಅದರ ಮೇಲೆ ಮೈ ಇಳಿಸುತ್ತದೆ. ಚಳಿಯಲ್ಲಿ ಬೆರಳುಗಳು ಗರಿಯಡಿಯಲ್ಲಿ ಬೆಚ್ಚಗಿರುತ್ತವೆ. ಒಂದು ಹೇಂಟೆಗೆ ಹತ್ತು ಇಂಚು ಬೇಕು. ಆರಾರು ಅಡಿಯ ಎರಡು ಕೋಲು ಎಂಟಕ್ಕೆ ಧಾರಾಳ. ಎರಡನ್ನೂ ಒಂದೇ ಎತ್ತರದಲ್ಲಿ, ನಡುವೆ ಒಂದೂಕಾಲು ಅಡಿ ಬಿಟ್ಟು ಇಟ್ಟೆ. ಒಂದು ಮೇಲೆ ಒಂದು ಕೆಳಗೆ ಇಟ್ಟರೆ ಮೇಲಿನದಕ್ಕಾಗಿ ದಿನವೂ ಜಗಳ, ಕೆಳಗಿನವಕ್ಕೆ ಬೆನ್ನ ಮೇಲೆ ಹಿಕ್ಕೆ. ಹೆಚ್ಚು ಎತ್ತರಿಸಲಿಲ್ಲ. ಭಾರದ ಕೋಳಿ ಎತ್ತರದಿಂದ ಗಟ್ಟಿ ನೆಲಕ್ಕೆ ಹಾರಿ ಹಾರಿ ಅಂಗಾಲು ಒಡೆದರೆ, ಆ ಗಾಯಕ್ಕೆ ಸೋಂಕು ತಗಲಿ ಗಡ್ಡೆ ಕಟ್ಟುತ್ತದೆ. ಕೋಲುಗಳಿಗೆ ಸ್ಕ್ರೂ ಹಾಕಲಿಲ್ಲ. ಗೋಡೆಯಲ್ಲಿ ಮರದ ಕಚ್ಚು ಕೂರಿಸಿ ಅದರೊಳಗೆ ಇಳಿಬಿಟ್ಟಿದ್ದೇನೆ, ಎತ್ತಿದರೆ ಬರುತ್ತವೆ. ಅದರ ಕಾರಣ ಮುಂದೆ ಹೇಳುತ್ತೇನೆ.

ಐದನೆಯ ದಿನ ಬೆಳಿಗ್ಗೆ ಬಾಗಿಲು ತೆಗೆದಾಗ ಕಣ್ಣು ಉರಿಯಿತು. ತಗಡಿನ ಒಳಮೈಯಲ್ಲಿ ಹನಿಗಳು ಸಾಲುಗಟ್ಟಿ ನಿಂತಿದ್ದವು, ಕೋಲಿನ ಕೆಳಗಿನ ಹೊಟ್ಟು ಕಪ್ಪಾಗಿ ಒದ್ದೆಯಾಗಿತ್ತು. ಮಂಡಿಯೂರಿ ಕೋಳಿಯ ತಲೆಯ ಎತ್ತರಕ್ಕೆ ಮುಖ ತಂದೆ. ನಿಂತಾಗ ಬರೀ ವಾಸನೆ ಅನ್ನಿಸಿದ್ದು ಅಲ್ಲಿ ಗಂಟಲು ಹಿಡಿಯಿತು. ಇಡೀ ರಾತ್ರಿ ಅವು ಆ ಗಾಳಿಯಲ್ಲೇ ಇದ್ದವು ಎಂಬುದು ಹೊಳೆದಾಗ ನನಗೆ ನಿಜವಾಗಿಯೂ ನೋವಾಯಿತು.

ಲೆಕ್ಕ ಹಾಕಿದರೆ ಇದು ಆಗಲೇಬೇಕಾದದ್ದು. ಒಂದು ಹೇಂಟೆ ದಿನಕ್ಕೆ ಸುಮಾರು 100 ಗ್ರಾಂಗಿಂತ ಹೆಚ್ಚು ಹಿಕ್ಕೆ ಹಾಕುತ್ತದೆ, ಅದರಲ್ಲಿ ಮುಕ್ಕಾಲು ಪಾಲು ನೀರು. ಎಂಟು ಕೋಳಿಗೆ ಹತ್ತಿರ ಹತ್ತಿರ ಒಂದು ಕಿಲೋ. ಇದರ ಮೇಲೆ ಉಸಿರಿನ ತೇವ. ಕೋಳಿಗೆ ಬೆವರಿಲ್ಲ, 41 ಡಿಗ್ರಿಯ ಮೈಬಿಸಿಯನ್ನು ತಣಿಸಲು ಬಾಯಿ ತೆರೆದು ಉಸಿರಾಡಿಯೇ ಅದು ನೀರನ್ನು ಹೊರಹಾಕಬೇಕು. ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲಕ್ಕೆ ತೇವ ಸೇರಿದರೆ ಸೂಕ್ಷ್ಮಜೀವಿಗಳು ಅದನ್ನು ಅಮೋನಿಯ ಮಾಡುತ್ತವೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅಮೋನಿಯ 25 ಭಾಗ ಮೀರಬಾರದು ಎಂಬುದು ಕೋಳಿ ಸಾಕಣೆಯಲ್ಲಿ ಒಪ್ಪಿದ ಮಿತಿ; ಮೀರಿದರೆ ಕಣ್ಣಿಗೂ ಶ್ವಾಸನಾಳಕ್ಕೂ ಹಾನಿ. ಮನುಷ್ಯನ ಮೂಗು ದಿನವೂ ಒಳಗೆ ಹೋಗಿ ಬಂದರೆ ಒಗ್ಗಿಹೋಗುತ್ತದೆ, ಹಾಗಾಗಿ ಬೆಳಿಗ್ಗೆ ಬಾಗಿಲು ತೆಗೆದ ಮೊದಲ ಉಸಿರನ್ನೇ ನಂಬಬೇಕು.

ಅಮ್ಮ ಹೊರಗೆ ನಿಂತು ನೋಡುತ್ತಿದ್ದರು. "ಕೋಳಿಗೆ ಗಾಳಿ ಬೇಕಪ್ಪ, ಮೈಮೇಲೆ ಬೀಸುವ ಗಾಳಿ ಬೇಡ. ಅದರ ತಲೆಯಿಂದ ಮೇಲೆ ತೆಗೆ," ಎಂದರು. ನಾನು ಪುಟಗಟ್ಟಲೆ ಓದಿ ಹುಡುಕುತ್ತಿದ್ದುದನ್ನು ಅವರು ಎರಡು ಮಾತಿನಲ್ಲಿ ಮುಗಿಸಿದರು.

ಅಂದೇ ಮೇಲಿನ ಹಲಗೆಗಳನ್ನು ಕಿತ್ತೆ. ಕಿತ್ತದ್ದಷ್ಟೇ ಅಲ್ಲದೆ ಸಂದನ್ನು ಆರು ಇಂಚಿಗೆ ಹಿಗ್ಗಿಸಿದೆ. 8 ಅಡಿ ಉದ್ದ, ಅರ್ಧ ಅಡಿ ಎತ್ತರ ಎಂದರೆ ಒಂದು ಬದಿಗೆ 4 ಚದರ ಅಡಿ, ಎರಡೂ ಸೇರಿ 8. ಒಂದು ಕೋಳಿಗೆ ಒಂದು ಚದರ ಅಡಿ ಗಾಳಿಕಂಡಿ ಎಂಬ ಅಳತೆಗೆ ಸರಿಹೋಯಿತು. ಒಂದೇ ಕಡೆಗೆ ಇಳಿಯುವ ಮಾಡಿನ ಉಪಕಾರ ಆಗ ತಿಳಿಯಿತು: ಹಿಂದಿನ ಕಂಡಿ ಆರು ಅಡಿಯಲ್ಲಿ, ಮುಂದಿನದು ಏಳು ಅಡಿ ದಾಟಿ. ಬಿಸಿಯಾದ ತೇವದ ಗಾಳಿ ಎತ್ತರದ ಕಂಡಿಯಿಂದ ತಾನಾಗಿ ಹೊರಡುತ್ತದೆ, ತಗ್ಗಿನ ಕಂಡಿಯಿಂದ ಹೊಸ ಗಾಳಿ ಬರುತ್ತದೆ, ಎರಡೂ 30 ಇಂಚಿನ ಕೋಲಿನ ಮೇಲೆ ಕುಳಿತ ಕೋಳಿಯ ತಲೆಯಿಂದ ಬಹಳ ಮೇಲೆ. ಎರಡಕ್ಕೂ ಅದೇ ವೆಲ್ಡ್ ಜಾಲರಿ ಬಿಗಿದೆ. ಇರಚಲಿಗಾಗಿ ಹೊರಗಡೆ ಮೇಲಂಚಿನಲ್ಲಿ ಕೀಲು ಹಾಕಿದ ಹಲಗೆಗಳನ್ನು ತೂಗುಬಿಟ್ಟು, ಕೋಲು ಕೊಟ್ಟು ಓರೆಯಾಗಿ ಎತ್ತಿ ನಿಲ್ಲಿಸಿದೆ. ಗಾಳಿ ಆಡುತ್ತದೆ, ನೀರು ಜಾರುತ್ತದೆ.

ಮೂರನೆಯ ಬೆಳಿಗ್ಗೆಗೆ ತಗಡು ಒಣಗಿತ್ತು. ಒದ್ದೆ ಹೊಟ್ಟನ್ನು ತೆಗೆದು ಗೊಬ್ಬರದ ಗುಂಡಿಗೆ ಹಾಕಿ ಹೊಸದು ಹಾಸಿದೆ. ರಾತ್ರಿಯ ಹಿಕ್ಕೆಯೆಲ್ಲ ಕೋಲಿನ ಕೆಳಗೇ ಬೀಳುವುದರಿಂದ ಅಲ್ಲಿ ಒಂದು ಹಲಗೆ ಇಟ್ಟು ಬೆಳಿಗ್ಗೆ ಕೆರೆದು ತೆಗೆಯುತ್ತೇನೆ, ಎರಡು ನಿಮಿಷದ ಕೆಲಸ. ಉಳಿದ ಹಾಸನ್ನು ವಾರಕ್ಕೊಮ್ಮೆ ಕವೆಗೋಲಿನಿಂದ ತಿರುವುತ್ತೇನೆ. ಒಂದು ಹಿಡಿ ತೆಗೆದು ಅದುಮಿ ಬಿಟ್ಟಾಗ ಪುಡಿಯಾಗಿ ಉದುರಿದರೆ ಸರಿ. ಉಂಡೆಯಾಗಿ ಉಳಿದರೆ ಒದ್ದೆ ಹೆಚ್ಚಿದೆ, ಒಣ ಹೊಟ್ಟು ಬೆರೆಸಬೇಕು. ಗರಗಸದ ನುಣುಪು ಪುಡಿ ಬಳಸಲಿಲ್ಲ, ಅದು ಎದ್ದು ಉಸಿರಿಗೆ ಹೋಗುತ್ತದೆ.

ಬೇಲಿಯ ಕೆಲಸ ಇದರ ನಂತರ. ಕೊಟ್ಟಿಗೆಯ ಮುಂಬದಿಗೆ ಅಂಟಿಕೊಂಡಂತೆ 8 ಅಡಿಗೆ 10 ಅಡಿ, ಅಂದರೆ ಕೋಳಿಗೆ ಹತ್ತು ಚದರ ಅಡಿ. ಮೇಲೂ ಜಾಲರಿ ಹೊದಿಸಿದೆ, ಗಿಡುಗ ಆಕಾಶದಿಂದಲೇ ಬರುತ್ತದೆ. ಕೆಳಗೆ ಹಳ್ಳ ತೋಡಿ ಜಾಲರಿ ಹೂಳುವ ಬದಲು ಬೇಲಿಯ ಬುಡದಿಂದ ಹೊರಕ್ಕೆ ಒಂದೂವರೆ ಅಡಿ ಜಾಲರಿಯನ್ನು ನೆಲದ ಮೇಲೆ ಮಲಗಿಸಿ, ಗೂಟ ಹೊಡೆದು, ಮಣ್ಣು ಮುಚ್ಚಿದೆ. ನೆಲ ತೋಡುವ ಪ್ರಾಣಿ ಗೋಡೆಯ ಬುಡಕ್ಕೆ ಬಂದು ಅಲ್ಲೇ ಕೆರೆಯುತ್ತದೆ. ಜಾಲರಿ ತಗಲಿದರೆ ಒಂದೂವರೆ ಅಡಿ ಹಿಂದೆ ಸರಿದು ತೋಡಬೇಕೆಂದು ಅದಕ್ಕೆ ತೋಚುವುದಿಲ್ಲ. ಹುಲ್ಲು ಬೆಳೆದು ಈಗ ಆ ಜಾಲರಿ ಕಾಣುವುದೂ ಇಲ್ಲ.

ಕೋಳಿಗಳು ಓಡಾಡುವ ಸಣ್ಣ ಬಾಗಿಲು 12 ಇಂಚು ಅಗಲ, 14 ಇಂಚು ಎತ್ತರ, ಇಟ್ಟಿಗೆ ಕಟ್ಟೆಯ ಮೇಲಿನ ಹಲಗೆಯಲ್ಲಿ ಕೊಯ್ದದ್ದು. ಹೊರಗಿನ ನೆಲಕ್ಕೆ ಒಂದೂವರೆ ಅಡಿ ಇಳಿಜಾರು. ನಾಲ್ಕು ಅಡಿಯ ಹಲಗೆಗೆ ಆರಾರು ಇಂಚಿಗೊಂದು ಪಟ್ಟಿ ಹೊಡೆದು ಮೆಟ್ಟಿಲು ಮಾಡಿದೆ. ಒಳಗಡೆ ಹತ್ತಲು ಎರಡು ಇಟ್ಟಿಗೆ ಸಾಕಾಯಿತು. ಬಾಗಿಲು ಮೇಲೆ ಕೆಳಗೆ ಜಾರುವ ಹಲಗೆ, ಹಗ್ಗದಿಂದ ಎಳೆಯುವುದು. ಮುಚ್ಚಿದಾಗ ಅದರ ಕೆಳ ಅಂಚು ಒಂದು ಪಟ್ಟಿಯ ಹಿಂದಕ್ಕೆ ಇಳಿದು ಕೂರುವಂತೆ ಮಾಡಿದ್ದೇನೆ, ಹೊರಗಿನಿಂದ ಉಗುರು ಹಾಕಿ ಎತ್ತಲಾಗದಂತೆ. ದೊಡ್ಡ ಬಾಗಿಲಿಗೆ ಚಿಲಕ, ಚಿಲಕಕ್ಕೆ ಕೊಂಡಿ. ಒಂದನ್ನು ತಳ್ಳಿ ಇನ್ನೊಂದನ್ನು ಎತ್ತಬೇಕು.

ಮೊದಲ ಒಂದು ವಾರ ಅವುಗಳನ್ನು ಒಳಗೇ ಇಟ್ಟಿದ್ದೆ, ಇದು ತಮ್ಮ ಮನೆ ಎಂದು ತಿಳಿಯಲಿ ಎಂದು. ಬಾಗಿಲು ತೆಗೆದ ಮೊದಲ ಸಂಜೆ ಕತ್ತಲಾಗುವ ಮುನ್ನ ಯಾರೂ ಅಟ್ಟದೆ ಏಳು ತಾವಾಗಿ ಹತ್ತಿ ಬಂದವು. ಎಂಟನೆಯದು ಮೆಟ್ಟಿಲ ಕೆಳಗೆ ಮುದುಡಿ ಕುಳಿತಿತ್ತು. ಎತ್ತಿ ಕೋಲಿನ ಮೇಲೆ ಬಿಟ್ಟೆ. ಮೂರು ದಿನ ಹೀಗೆ ಮಾಡಬೇಕಾಯಿತು, ನಾಲ್ಕನೆಯ ದಿನ ಅದೇ ಮೊದಲು ಬಂತು.

ಕೋಲುಗಳನ್ನು ಕಳಚುವಂತೆ ಇಟ್ಟದ್ದು ಕೆಂಪು ಉಣ್ಣಿಗಾಗಿ. ಅದು ಹಗಲೆಲ್ಲ ಮರದ ಬಿರುಕಿನಲ್ಲಿ, ಕೋಲು ಗೋಡೆಗೆ ಕೂಡುವ ಸಂದಿನಲ್ಲಿ ಅಡಗಿದ್ದು ರಾತ್ರಿ ಕೋಳಿಯ ರಕ್ತ ಹೀರುತ್ತದೆ. ಹಗಲು ಕೋಳಿಯನ್ನು ಹಿಡಿದು ಪರೀಕ್ಷಿಸಿದರೆ ಏನೂ ಕಾಣುವುದಿಲ್ಲ. ಬಿಸಿ ವಾತಾವರಣದಲ್ಲಿ ಒಂದು ವಾರ ಹತ್ತು ದಿನಕ್ಕೆ ಒಂದು ತಲೆಮಾರು ಬೆಳೆಯುತ್ತದೆ, ಆಹಾರವಿಲ್ಲದೆಯೂ ತಿಂಗಳುಗಟ್ಟಲೆ ಬದುಕುತ್ತದೆ. ಹಳೆಯ ಕಟ್ಟಡವನ್ನು ಕೋಳಿಮನೆ ಮಾಡುವವರು ಹೊಸ ಗೂಡು ಕಟ್ಟುವವರಿಗಿಂತ ಹೆಚ್ಚು ಎಚ್ಚರದಿಂದಿರಬೇಕಾದದ್ದು ಇಲ್ಲಿ, ಏಕೆಂದರೆ ಹಳೆಯ ಮರದ ತುಂಬ ಬಿರುಕು. ನಾನು ದೊಡ್ಡ ಬಿರುಕುಗಳಿಗೆ ಮರದ ಪುಡಿ ಮತ್ತು ಅಂಟು ಕಲಸಿ ತುಂಬಿದ್ದೇನೆ, ಸಣ್ಣವಕ್ಕೆ ಸುಣ್ಣವೇ ಹೋಗಿ ಕೂತಿದೆ. ತಿಂಗಳಿಗೆ ಎರಡು ಸಲ ಕತ್ತಲಾದ ಮೇಲೆ ಹೋಗಿ ಕೋಲಿನ ಅಡಿಯಲ್ಲಿ ಬಿಳಿ ಬಟ್ಟೆ ಎಳೆಯುತ್ತೇನೆ. ಬಟ್ಟೆಯ ಮೇಲೆ ಕೆಂಪು ಗೆರೆ ಬಿದ್ದರೆ ಉಣ್ಣಿ ಬಂದಿದೆ ಎಂದು ಅರ್ಥ. ಇದುವರೆಗೆ ಬಿದ್ದಿಲ್ಲ.

ಇನ್ನು ಎರಡು ಕೆಲಸ ಬಾಕಿ ಇವೆ. ಹಿಂಬದಿಯಲ್ಲಿ ತಗಡು ಗೋಡೆಯಿಂದ ನಾಲ್ಕೇ ಇಂಚು ಹೊರಚಾಚಿದೆ. ಅದಕ್ಕೊಂದು ನೀರುದೋಣಿ ಹಾಕದಿದ್ದರೆ ನಾನು ಬದಲಿಸಿದ ಅಡಿಮರವೂ ಮೊದಲಿನದರ ಹಾದಿ ಹಿಡಿಯುತ್ತದೆ. ಬಿಸಿಲು ಏರಿದಾಗ ತಗಡಿನ ಕೆಳಗೆ ಕೋಳಿಗಳು ರೆಕ್ಕೆ ಅಗಲಿಸಿ ಬಾಯಿ ತೆರೆಯುತ್ತಿವೆ, ಆದ್ದರಿಂದ ಮಾಡಿನ ಮೇಲ್ಮೈಗೆ ಬಿಳಿ ಬಣ್ಣ ಬಳಿಯಬೇಕು. ಬಣ್ಣ ತಂದಿಟ್ಟಿದ್ದೇನೆ. ಇವತ್ತು ಮೋಡ ಕವಿದಿದೆ, ದೋಣಿಯ ಕೆಲಸವನ್ನೇ ಮೊದಲು ಹಿಡಿಯುತ್ತೇನೆ.